ಆರನೇ ಕೇರಿ

ಮರಣ ದಾಖಲೆಯಲ್ಲಿ ತಾತನ ಹೆಸರು ಸಿಕ್ಕಿದ ಖುಷಿ ತಾಹೆರಾಳಿಗೆ ಒಂದು ಸಂಜೆಯೂ ಉಳಿಯಲಿಲ್ಲ. ಮೊಹಮ್ಮದ್, ಜಟಕಾ ಹೊಡೆಯುವವನು, ಗ್ರಾಮ ಕೆಂಪಾಪುರ, ಜ್ವರ. ಸತ್ತ ಜಾಗ ಅನ್ನುವ ಕಡೆ ಬರೀ '೬'.

ಆರ್.ಟಿ. ನಗರದ ಅವರ ಮನೆಗೆ ಬಂದಿದ್ದ ಮಲ್ಕಾ ಫುಫ್ಫು, ಅಬ್ಬಾನ ಚಿಕ್ಕಪ್ಪನ ಮಗಳು, ಎಲೆಯಡಿಕೆ ಮೆಲ್ಲುತ್ತಲೇ ತೀರ್ಪು ಕೊಟ್ಟುಬಿಟ್ಟಳು.

"ಇನ್ನೇನು, ಆರನೇ ನಂಬರ್ ಮನೆ. ಎಲ್ಲೋ ಒಬ್ಬಳನ್ನ ಇಟ್ಕೊಂಡಿದ್ರು ಅಂತ ನಮ್ಮಮ್ಮ ಅವಾಗ್ಲೇ ಹೇಳ್ತಿದ್ರು."

ಅಬ್ಬಾ ಹಬೀಬುಲ್ಲಾ ಹುಟ್ಟುವ ಮೊದಲೇ ಯಶವಂತಪುರದಿಂದ ಬಾಡಿಗೆಗೆ ಹೋದ ಅಪ್ಪ ವಾಪಸ್ಸು ಬಂದಿರಲಿಲ್ಲ. ಬಸುರಿ ಹೆಂಡತಿಯನ್ನು ಬಿಟ್ಟು ಓಡಿಹೋದವನ ಮಗ ಅನ್ನುವ ಮಾತನ್ನು ಕೇಳುತ್ತಲೇ ಅವರಿಗೆ ವಯಸ್ಸಾಗಿತ್ತು. ಶಬೇಬರಾತಿನಂದು ಅಮ್ಮನ ಗೋರಿಗೆ ಹೂ ಹಾಕುತ್ತಿದ್ದರೇ ಹೊರತು ಅಪ್ಪನ ಹೆಸರಿನಲ್ಲಿ ಒಮ್ಮೆಯೂ ಫಾತಿಹಾ ಓದಿದವರಲ್ಲ.

"ಆ ಆರು ಏನಂತ ಗೊತ್ತಾಗ್ಲಿ. ಆಮೇಲೆ ನೋಡೋಣ," ಅಂದರು ಅಬ್ಬಾ.

ಭಾನುವಾರ ಅಪ್ಪ ಮಗಳು ಹೆಬ್ಬಾಳ ದಾಟಿ ಕೆಂಪಾಪುರಕ್ಕೆ ಹೋದರು. ಆರನೇ ನಂಬರಿನ ಮನೆಯ ಜಗಲಿಯಲ್ಲಿ ಯಜಮಾನ ಪಿಳ್ಳಣ್ಣ ಸೊಪ್ಪಿನ ಕಂತೆ ಕಟ್ಟುತ್ತ ಕೂತಿದ್ದ.

"ಈ ಮನೇಲಾ? ಸಾಬ್ರೇ, ಈ ಮನೆ ಕಟ್ಟಿದ್ದೇ ನನ್ ಮದುವೆ ಟೈಮಲ್ಲಿ. ಆ ನಂಬರ್ರು ಮಲೇರಿಯಾದೋರು ಬರೆದಿದ್ದು. ಔಷಧಿ ಹೊಡೆಯೋಕ್ ಬಂದಿದ್ರಲ್ಲ, ಅವ್ರು."

"ಅದಕ್ಕೆ ಮುಂಚೆ ನಂಬರ್ ಇರ್ಲಿಲ್ವಾ?" ಅಂದಳು ತಾಹೆರಾ.

"ಯಾತಕ್ಕಮ್ಮ? ನಮ್ ಮನೆ ಯಾವುದು ಅಂತ ನಮಗ್ ಗೊತ್ತಿರ್ಲಿಲ್ವಾ?"

ಮನೆಯಲ್ಲ ಅಂದಮೇಲೆ ಏನು? ತಾಹೆರಾಳ ತಲೆಗೆ ಹುಳ ಬಿಟ್ಟಂತಾಯಿತು. ರಜೆ ಹಾಕಿ ಮತ್ತೆ ತಾಲ್ಲೂಕು ಕಚೇರಿಯ ದಾಖಲೆ ಕೋಣೆಗೆ ಹೋದಳು. "ನಾನ್ ಹುಟ್ಟೋಕ್ ಮುಂಚೆ ಬರೆದಿದ್ದನ್ನ ನನ್ ಕೇಳಿದ್ರೆ ಹೆಂಗಮ್ಮ? ಕೂತ್ಕೊಂಡು ನೋಡ್ಕೊಳ್ಳಿ," ಅಂದರು ಗುಮಾಸ್ತರು. ನೋಡಿದಳು. ಈ ಸಲ ತಾತನನ್ನು ಬಿಟ್ಟು ಅಕ್ಕಪಕ್ಕದ ಸಾಲುಗಳನ್ನು ಓದಿದಳು. ಒಂದು ಅಂತ ಇರುವಲ್ಲೆಲ್ಲ ಗೌಡರು. ಎರಡರಲ್ಲಿ ಬರೀ ಕುಂಬಾರರು. ಮೂರು ಅಗಸರದು. ಹಾಗಾದರೆ ಒಂದೊಂದು ಅಂಕಿಯೂ ಒಂದೊಂದು ಕೇರಿ! ಆದರೆ ಆರರಲ್ಲಿ ಗೌಡ, ಕುಂಬಾರ, ಅಗಸ, ಅವಳ ತಾತ, ಎಲ್ಲರೂ ಕಲಸುಮೇಲೋಗರ. ಅದೂ ಒಂದೇ ಚಳಿಗಾಲದಲ್ಲಿ. ಅದರ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಎಲ್ಲ ಜಾತಿಯವರೂ ಒಟ್ಟಿಗೆ ಬಾಳಿ ಒಂದೇ ಚಳಿಗಾಲಕ್ಕೆ ಮಾಯವಾದ ಕೇರಿ ಎಲ್ಲಿಯದು?

ಮುಂದಿನ ಭಾನುವಾರ ಅಬ್ಬಾನ ಜೊತೆ ಮತ್ತೆ ಹೋಗಿ ಅದನ್ನೇ ಕೇಳಿದಾಗ ಪಿಳ್ಳಣ್ಣ ತಲೆ ಕೆರೆದುಕೊಂಡ. "ನಮ್ಮೂರಲ್ಲಿ ಇದ್ದಿದ್ದೇ ಐದು ಕೇರಿ ಕಣಮ್ಮ."

ಒಳಗೆ ರಾಗಿ ಕೇರುತ್ತಿದ್ದ ಅವನ ತಾಯಿ ಮಾರಮ್ಮ ಮೊರ ನಿಲ್ಲಿಸಿದಳು. "ಯಾವ ವರ್ಸ?"

ತಾಹೆರಾ ವರ್ಷ ಹೇಳಿದಳು.

"ಇಲಿ ಬಿದ್ದ ವರ್ಸ. ಮನೇಲಿ ಇಲಿ ಸತ್ ಬಿದ್ರೆ ಪ್ಲೇಗು ಬಂತು ಅಂತ ಊರ್ಗೂರೇ ಕಾಲಿ. ಕೆರೆ ಆಚೆ ಒಲದಾಗೆ ಶೆಡ್ ಆಕ್ಕೊಂಡಿದ್ವಿ. ಗೌಡ್ರು ಅಂತಿಲ್ಲ, ಕುಂಬಾರ್ರು ಅಂತಿಲ್ಲ, ಒಬ್ಬರ ತಡಿಕೆಗೆ ಇನ್ನೊಬ್ಬರ ತಡಿಕೆ. ನಾನಿನ್ನೂ ಇಷ್ಟುದ್ದ ಇದ್ದೆ."

ಹಬೀಬುಲ್ಲಾ ಹೊಸಿಲ ಬಳಿ ಕುಕ್ಕರಗಾಲಲ್ಲಿ ಕೂತರು. "ಅಲ್ಲಿ ಜಟಕಾದವ್ರು ಯಾರಾದ್ರೂ ಇದ್ರಾ, ಅಮ್ಮಾ?"

"ಪ್ಲೇಗೂರು ಅಂತ ಗಾಡಿಯೋರು ಯಾರೂ ಬತ್ತಿರ್ಲಿಲ್ಲ. ಒಬ್ಬ ಸಾಬ್ರು ಬಂದಿದ್ರು. ನಡೆಯಕ್ಕಾಗದ ಮುದುಕರು, ಬಾಣಂತೀರು, ಎಲ್ರುನೂ ಶೆಡ್ಡಿಗೆ ಸಾಗಿಸಿದ್ರು. ಆಮ್ಯಾಕೆ ಅವರಿಗೂ ಜ್ವರ ಬಂದು ಗಡ್ಡೆ ಎದ್ದು ಅಲ್ಲೇ ಮಲಗಿದ್ರು. ಎಸರು ನಂಗೊತ್ತಿಲ್ಲಪ್ಪ."

"ಜೊತೇಲಿ ಹೆಂಗಸು..." ಹಬೀಬುಲ್ಲಾ ಅಲ್ಲಿಗೇ ನಿಲ್ಲಿಸಿದರು.

"ಯಾವೆಂಗಸು? ಅತ್ರ ಓಗಕ್ಕೇ ಜನ ಎದರೋರು. ನಮ್ಮವ್ವ ದೂರದಾಗೆ ಗಂಜಿ ಇಟ್ಟು ಬತ್ತಿದ್ಲು. ಈಚೆಗೆ ಯಾರನ್ನೂ ಬಿಡ್ತಿರ್ಲಿಲ್ಲ, ಅವರೂರಿಗೆ ಸುದ್ದಿ ಮುಟ್ಟಿಸೋರೂ ಇರ್ಲಿಲ್ಲ. ಸತ್ತೋರ್ನೆಲ್ಲ ಅಲ್ಲೇ ಸಾಲಾಗಿ ಮಣ್ಣು ಮಾಡಿದ್ರು."

ಪಿಳ್ಳಣ್ಣ ಜೊತೆಗೆ ಬಂದು ಜಾಗ ತೋರಿಸಿದ. ಹೊಲ ಈಗ ಸೈಟುಗಳಾಗಿತ್ತು, ಕಲ್ಲು ನೆಟ್ಟಿದ್ದರು. ಯಾವ ಮಣ್ಣಿನ ಕೆಳಗೆ ಯಾರು ಅಂತ ಹೇಳುವವರಿಲ್ಲ. ಹಬೀಬುಲ್ಲಾ ತಲೆಗೆ ಕರ್ಚೀಫು ಕಟ್ಟಿಕೊಂಡು, ಕೈಯೆತ್ತಿ, ತುಂಬಾ ಹೊತ್ತು ಫಾತಿಹಾ ಓದಿದರು. ಓದಿ ಮುಗಿದರೂ ಕೈ ಇಳಿಸಲಿಲ್ಲ.

"ನಮ್ಮಪ್ಪನ ಜೊತೆ ಆ ಆರನೇ ಕೇರೀಲಿ ಇನ್ಯಾರ್ಯಾರಿದ್ರು, ತಾಹೆರಾ? ಹೆಸರು ಹೇಳು," ಅಂದರು.

ತಾಹೆರಾ ನೆನಪಿದ್ದಷ್ಟನ್ನು ಹೇಳತೊಡಗಿದಳು. ಚಿಕ್ಕಮಾರಯ್ಯ. ಬ್ಯಾಟರಾಯಪ್ಪ. ಒಂದೊಂದು ಹೆಸರಿಗೂ ಅಬ್ಬಾನ ತುಟಿ ಮೆಲ್ಲಗೆ ಅಲುಗುತ್ತಿತ್ತು.