ಅಚ್ಚಿನ ಮೇಲಿನ ತೊಗಲು

ಬೂಟು ಹೊಲಿಯುವವನಿಗೆ ಜಗತ್ತೆಲ್ಲ ಕಾಲು. ಮುಖ ಮರೆತಾನು, ಕಾಲು ಮರೆಯಲಾರ. ಅಂಥವನ ಮನೆಯಲ್ಲೇ ಹೆಂಡತಿಯ ಕಾಲು ಊದಿಕೊಂಡು ಕೂತಿತ್ತು.

ಹೆಂಡತಿ ಶಾಲೆಯ ಆಟದ ಟೀಚರ್. ಕೊರಳಲ್ಲಿ ಸದಾ ಸೀಟಿ ತೂಗುತ್ತಿದ್ದುದರಿಂದ ಮಕ್ಕಳಿಗೆ ಸೀಟಿ ಟೀಚರ್. ಕಿಡ್ನಿಗೆ ಉರಿಯೂತ ಬಂದು, ಮೂತ್ರದಲ್ಲಿ ಪ್ರೋಟೀನು ಸೋರಿ, ಮೈಯಲ್ಲಿ ನೀರು ನಿಂತು, ಮೈದಾನ ಬಿಟ್ಟು ಮನೆ ಹಿಡಿದಿದ್ದಳು. ಅಂಗಡಿಯ ಕಪಾಟಿನಲ್ಲಿ ಬೂಟಿಗೆ ಆಕಾರ ಕೊಡುವ, ಅವಳ ಕಾಲಳತೆಯ ಮರದ ಅಚ್ಚುಗಳಿದ್ದವು. ಊತ ಏರಿದಂತೆಲ್ಲ ಗಂಡ ಅವುಗಳ ಮೇಲೆ ತೆಳು ತೊಗಲಿನ ಪದರ ಅಂಟಿಸಿ ದೊಡ್ಡ ಬೂಟು ಹೊಲಿದುಕೊಟ್ಟ. ಆ ಅಚ್ಚುಗಳೀಗ ಕಾಲಿಗಿಂತ ದಿಂಬಿಗೇ ಹತ್ತಿರವಾಗಿದ್ದವು.

ಆ ಬೆಳಿಗ್ಗೆ ಇಬ್ಬರೂ ಕಿಡ್ನಿ ಡಾಕ್ಟರಮ್ಮನ ಮುಂದೆ ಕುಳಿತಿದ್ದರು. ಕಾಯಿಲೆ ಕಿಡ್ನಿಯನ್ನೇ ತಿಂದುಹಾಕುತ್ತದೋ, ತಾನಾಗಿ ಮಣಿಯುತ್ತದೋ ಎಂಬುದರ ಸುಳಿವು ರಕ್ತಪರೀಕ್ಷೆಯಲ್ಲಿ ಸಿಗಬೇಕಿತ್ತು.

"ನಿಮ್ಮ ಕಿಡ್ನಿ ಮೇಲೆ ಎರಗ್ತಿದ್ದ ಪ್ರತಿಕಾಯ ರಕ್ತದಲ್ಲಿ ಮೊದಲಿದ್ದದ್ರ ಅರ್ಧಕ್ಕಿಂತ ಕೆಳಗಿಳಿದಿದೆ," ಅಂದರು ಡಾಕ್ಟರಮ್ಮ. "ಒಳ್ಳೇ ಸೂಚನೆ. ಕಾಯಿಲೆ ಹಿಂದೆ ಸರೀತಿದೆ ಅನ್ಸುತ್ತೆ."

ಗಂಡ ಹೆಂಡತಿಯ ಪಾದ ನೋಡಿದ. "ಊತ ಕೂದಲೆಳೆಯಷ್ಟೂ ಇಳಿದಿಲ್ವಲ್ಲ ಡಾಕ್ಟ್ರೇ?"

"ಮೊದಲು ರಕ್ತ, ಆಮೇಲೆ ಕಾಲು. ಒಲೆ ಆರಿದ ತಕ್ಷಣ ಕಾವಲಿ ತಣ್ಣಗಾಗುತ್ತಾ? ತಿಂಗಳುಗಟ್ಟಲೆ ಕಾಯ್ಬೇಕು. ಆಗಾಗ ಪರೀಕ್ಷೆ ಮಾಡ್ತಾ ಇರೋಣ."

ಹೆಂಡತಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆಸ್ಪತ್ರೆಯ ಗೇಟು ದಾಟುವ ಮೊದಲೇ ಅಪ್ಪಣೆ ಹೊರಟಿತು: "ನನ್ನ ಹಳೇ ಅಳತೆಗೆ ಒಂದು ಜೊತೆ ಬೂಟು ಹೊಲೀರಿ."

"ಕಣ್ಣೆದುರೇ ಕಾಲು ಹೀಗಿದೆ ಕಣೇ."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಡಾಕ್ಟ್ರು ಪ್ರಮಾಣಿಸಿ ಆಯ್ತಲ್ರೀ, ಹೊಲೀರಿ."

ಸೀಟಿ ಟೀಚರಿಗೆ ಎದುರಾಡಿ ಗೆದ್ದವರಿಲ್ಲ. ಅವನು ಅಚ್ಚಿನ ಪದರಗಳನ್ನು ಒಂದೊಂದಾಗಿ ಬಿಡಿಸಿದ. ಕೊನೆಯದಕ್ಕೆ ಬಂದಾಗ ಉಳಿ ನಿಂತಿತು. ಆಸೆಪಟ್ಟು ಹೊಲಿಸಿಕೊಂಡ ಬೂಟು ಕಾಲಿಗೇರದಿದ್ದರೆ? ಅವಳ ಮುಖ ಬಾಡುವುದನ್ನು ಅವನು ನೋಡಲಾರ. ಆ ಒಂದು ಪದರವನ್ನು ಹಾಗೇ ಬಿಟ್ಟು ಬೂಟು ಹೊಲಿದ, ಏನೂ ಅರಿಯದವನಂತೆ ಗೂಟಕ್ಕೆ ನೇತುಹಾಕಿದ.

ಮುಂದಿನ ಪರೀಕ್ಷೆಗಳಲ್ಲಿ ಪ್ರತಿಕಾಯ ಇನ್ನೂ ಇಳಿಯಿತು. ಆಮೇಲೆ ಪ್ರೋಟೀನು ಸೋರುವುದು ತಗ್ಗಿ ಮೂತ್ರದ ನೊರೆ ಕಡಿಮೆಯಾಯಿತು. ಊತ ಮಾತ್ರ ಹಟಮಾರಿ ನೆಂಟನಂತೆ ಕೂತೇ ಇತ್ತು. ಕಡೆಗೆ ಅದೂ ಜಾಗ ಖಾಲಿ ಮಾಡಿತು. ಒಂದು ಬೆಳಿಗ್ಗೆ ಕಾಲಿನ ಹರಡಿನ ಮೂಳೆ ಕಂಡಾಗ ಗಂಡಹೆಂಡಿರಿಬ್ಬರೂ ಅದನ್ನು ಮುಟ್ಟಿ ಮುಟ್ಟಿ ನಕ್ಕರು.

ಡಾಕ್ಟರಮ್ಮ ಒಪ್ಪಿಗೆ ಕೊಟ್ಟ ಮೇಲೆ ಅವಳು ಹೊಸ ಬೂಟು ತೊಟ್ಟು ಮೈದಾನಕ್ಕಿಳಿದಳು. ಸೀಟಿ ಊದಿ ಓಡಿದ್ದೇ ತಡ, ಒಂದು ಬೂಟು ಕಳಚಿ ಗೋಲಿನೊಳಗೆ ಬಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕವು. ಅವಳು ಒಂಟಿಕಾಲಲ್ಲಿ ಕುಂಟುತ್ತ ಬೇಲಿಯ ಬಳಿ ನಿಂತ ಗಂಡನ ಹತ್ತಿರ ಬಂದಳು.

"ಒಂದು ಪದರ ಉಳಿಸ್ಕೊಂಡ್ರಿ, ಅಲ್ವಾ?"

"ಹೆದರಿಕೆ ಆಯ್ತು ಕಣೇ," ಅಂದ ಅವನು. ಅಷ್ಟು ದಿನ ತಡೆದಿಟ್ಟಿದ್ದ ಅಳು ಮಕ್ಕಳೆದುರೇ ಕಿತ್ತುಕೊಂಡು ಬಂತು. ಸಂತೋಷಕ್ಕೂ ಹೀಗೆ ಅಳು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಸಂಜೆ ಅಂಗಡಿಯಲ್ಲಿ ಅವಳು ಸ್ಟೂಲಿನ ಮೇಲೆ ಕುಳಿತು ಕಾಲು ಚಾಚಿದಳು. ಅವನು ಉಳಿದಿದ್ದ ಪದರವನ್ನೂ ಬಿಡಿಸಿ, ಬರೀ ಮರವಾದ ಅಚ್ಚನ್ನು ಅವಳ ಅಂಗಾಲಿಗೆ ಒತ್ತಿ ಹಿಡಿದ. ಅಳತೆ ಸರಿಯಾಗಿತ್ತು.