ಭಂಡಾರ ಹಚ್ಚಿದ ಕೂಸಿನ ಫೋಟೊ

ಹಟ್ಟಿ ಊರಿನ ತಂಗಿ ಕಳಿಸಿದ ಫೋಟೊ ಬಂದಾಗ ಸಂಘಮಿತ್ರಾ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಬೆರಳಿನಿಂದಲೇ ಒತ್ತಿ ತೆರೆದಳು. ಕರಿ ಕಂಬಳಿ ಹೊದ್ದ ಬಿಳಿ ಮೀಸೆಯ ಮುದುಕ, ಅವನ ತೋಳಿನಲ್ಲಿ ಅತ್ತು ಅತ್ತು ಮುಖ ಊದಿಸಿಕೊಂಡ ಒಂದು ಕೂಸು, ಕೂಸಿನ ಹಣೆತುಂಬ ಹಳದಿ ಭಂಡಾರ. ಕೆಳಗೆ ಕೆಂಪು ಅಕ್ಷರದಲ್ಲಿ ಬರೆದಿತ್ತು: ‘ಮಕ್ಕಳ ಕಳ್ಳ. ಅರಿಶಿಣ ಹಚ್ಚಿ ಮಕ್ಕಳಿಗೆ ಮಂಕು ಬರಿಸುತ್ತಾನೆ. ಮಸ್ಕಿ, ಲಿಂಗಸುಗೂರು ಕಡೆ ತಿರುಗುತ್ತಿದ್ದಾನೆ. ಕಂಡಲ್ಲಿ ಹಿಡಿಯಿರಿ. ಎಲ್ಲ ಗ್ರೂಪಿಗೂ ಕಳಿಸಿ.’ ತಂಗಿ ತನ್ನದೂ ಒಂದು ಸಾಲು ಸೇರಿಸಿದ್ದಳು: ‘ಅಕ್ಕಾ, ಹುಡುಗ್ರನ್ನ ಹೊರಗ ಬಿಡಬ್ಯಾಡ.’

ಮುದುಕನ ಬೆನ್ನ ಹಿಂದೆ ನೀಲಿ ಬಣ್ಣದ ಬಾಗಿಲು ಕಾಣುತ್ತಿತ್ತು. ಅದು ಅವಳು ದಿನಾ ಕೀಲಿ ತೆಗೆಯುವ ಪಂಚಾಯ್ತಿ ಗ್ರಂಥಾಲಯದ ಬಾಗಿಲು. ಫೋಟೊ ತೆಗೆದವಳೂ ಅವಳೇ.

“ರೀ, ಇಲ್ಲಿ ಬರ್ರಿ ಜಲ್ದಿ,” ಎಂದು ಗಂಡನನ್ನು ಕೂಗಿದಳು. ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದ ರಾಜೇಶ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬಂದು ನೋಡಿದ. ಎರಡು ಸಲ ಓದಿದ. ಆಮೇಲೆ ಒಲೆಯ ಮೇಲೆ ಹೊತ್ತುತ್ತಿದ್ದ ರೊಟ್ಟಿಯನ್ನು ತಾನೇ ತೆಗೆದಿಟ್ಟ.

ನಾಲ್ಕು ದಿನದ ಹಿಂದಿನ ಮಾತು ಅದು. ಲಿಂಗಸುಗೂರು ಕಡೆಯ ಕುರುಬ ಮೈಲಾರಲಿಂಗಪ್ಪ ಪ್ರತಿ ವರ್ಷ ಭತ್ತದ ಕೊಯ್ಲು ಮುಗಿದ ಮೇಲೆ ಹೆಂಡತಿ ಗದ್ದೆಮ್ಮನೊಂದಿಗೆ ಕುರಿ ಹೊಡೆದುಕೊಂಡು ಕಾಲುವೆ ಸೀಮೆಗೆ ಬರುತ್ತಾನೆ. ಗದ್ದೆಗಳಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಕೊಟ್ಟು, ಹಸಿರು ಮುಗಿಯುತ್ತಲೂ ಊರ ದಾರಿ ಹಿಡಿಯುತ್ತಾನೆ. ಆ ಮಧ್ಯಾಹ್ನ ಗೊರೇಬಾಳದ ಕಾಲುವೆ ದಂಡೆಯ ಜಾಲಿ ಗಿಡದ ಕೆಳಗೆ ಎರಡೂವರೆ ವರ್ಷದ ಹುಡುಗಿಯೊಂದು ಒಂದೇ ಸಮ ಅಳುತ್ತ ನಿಂತದ್ದನ್ನು ಕಂಡ. ಇನ್ನು ನಾಲ್ಕು ಹೆಜ್ಜೆ ಆಚೆ ನೀರು. ಎತ್ತಿಕೊಂಡು ನೆಟ್ಟಗೆ ಗ್ರಂಥಾಲಯಕ್ಕೆ ಬಂದ.

“ಅಕ್ಕೋರ, ನಿಮ್ಮ ಫೋನಿನ್ಯಾಗ ಊರೆಲ್ಲಾ ಐತಂತಲ್ರಿ. ಈ ಕೂಸು ಯಾರದು ನೋಡ್ರಿ,” ಎಂದಿದ್ದ.

ಊರವರು ಹಾಗೆ ಹೇಳಿದ್ದು ಸುಳ್ಳೇನಲ್ಲ. ಪಿಂಚಣಿ ಅರ್ಜಿ, ಮಾರ್ಕ್ಸ್ ಕಾರ್ಡು, ಬಸ್ಸಿನ ಟಿಕೇಟು, ಎಲ್ಲವೂ ಅವಳ ಕೈಯಲ್ಲೇ ಆಗಬೇಕು. ಆರುನೂರು ಜನರಿದ್ದ ಊರಿನ ಗ್ರೂಪನ್ನು ಕಟ್ಟಿದವಳೂ ಅವಳೇ. ಕೂಸು ಮುದುಕನ ಕೊರಳು ಬಿಡಲೊಲ್ಲದು. ಸಂಘಮಿತ್ರಾ ಎತ್ತಿಕೊಳ್ಳಲು ಹೋದರೆ ಊರು ಒಂದಾಗುವಂತೆ ಚೀರಿತು. ಅವನು ಸೊಂಟದ ಚೀಲದಿಂದ ದೇವರ ಅರಿಶಿಣವಾದ ಭಂಡಾರ ಒಂದು ಚಿಟಿಕೆ ತೆಗೆದು ಅದರ ಹಣೆಗೆ ಬಳಿದು, “ಮೈಲಾರಲಿಂಗ ಕಾಯ್ತಾನ, ಸುಮ್ನಿರ ನನ್ನವ್ವ,” ಎಂದ. ಕುರುಬರು ಹೆದರಿದ ಮಕ್ಕಳಿಗೆ ಮಾಡುವುದೇ ಹಾಗೆ. ಕೂಸು ಬಿಕ್ಕುತ್ತಾ ಅವನ ಮೀಸೆ ನೋಡತೊಡಗಿತು. ಅಷ್ಟರಲ್ಲಿ ಅವಳು ಫೋಟೊ ತೆಗೆದು ಗ್ರೂಪಿಗೆ ಹಾಕಿದಳು. ‘ಈ ಮಗು ಯಾರದು? ಈ ಅಜ್ಜನ ಹತ್ತಿರ ಇದೆ. ಎಲ್ಲ ಗ್ರೂಪಿಗೂ ಕಳಿಸಿ.’

ಅರ್ಧ ಗಂಟೆ ಆಗಿರಲಿಲ್ಲ, ಸಾಲಗುಂದದಿಂದ ಅಣ್ಣನ ಮನೆಗೆ ಬಂದಿದ್ದ ಪಂಪಾವತಿ ಬರಿಗಾಲಿನಲ್ಲಿ ಓಡಿ ಬಂದಳು. ಮಗಳನ್ನು ಅವುಚಿಕೊಂಡು ಅತ್ತಳು, ಮುದುಕನ ಕಾಲಿಗೆ ಬಿದ್ದಳು. ಅವನು ಚಾ ಕುಡಿದು ಕುರಿಗಳ ಕಡೆ ಹೋದ; ಮರುದಿನ ಹಿಂಡು ಊರ ದಾರಿ ಹಿಡಿಯಿತು. ಸಂಘಮಿತ್ರಾಗೆ ಆ ದಿನವೆಲ್ಲ ನೆಲಕ್ಕೆ ಕಾಲು ತಾಗಲಿಲ್ಲ. ‘ಮಗು ತಾಯಿಯ ಮಡಿಲು ಸೇರಿತು’ ಎಂದು ಗ್ರೂಪಿನಲ್ಲಿ ಬರೆದಳು. ಫೋಟೊ ಮಾತ್ರ ತೆಗೆಯಲಿಲ್ಲ. ಯಾಕೆ ತೆಗೆಯಲಿಲ್ಲ ಎಂದು ಈಗ ತನ್ನನ್ನೇ ಕೇಳಿಕೊಂಡರೆ ಉತ್ತರ ಹೇಳಲು ನಾಚಿಕೆ. ಅದರ ಕೆಳಗೆ ಇನ್ನೂ ಹಾರ್ಟುಗಳು ಬೀಳುತ್ತಿದ್ದವು.

“ಈಗ ಡಿಲೀಟ್ ಮಾಡ್ಲೇನ್ರಿ?” ಎಂದಳು.

“ಎಲ್ಲಾರ ಫೋನಿನ್ಯಾಗಿಂದ ತಗಿಯೋ ಟೈಮ್ ದಾಟೇತಿ, ಮಿತ್ರಾ. ನಿನ್ನ ಫೋನಿಂದಷ್ಟ ಹೋಗ್ತದ. ಇರ್ಲಿ ಬಿಡು, ತಾರೀಖಿನ ಸಮೇತ ಅದೊಂದ ಪುರಾವೆ,” ಎಂದ ರಾಜೇಶ.

ಮುದುಕನ ಬಟನ್ ಫೋನಿಗೆ ಹಚ್ಚಿದರೆ ಸ್ವಿಚ್ ಆಫ್. ಪೊಲೀಸ್ ಠಾಣೆಗೆ ಹೋದರು. ಹವಾಲ್ದಾರ ಗಂಗಾಧರ ಪಾಪ ಒಳ್ಳೆಯವನೇ, ಕುರ್ಚಿ ಕೊಟ್ಟು ಕೂರಿಸಿದ. ಫೋಟೊ ತೋರಿಸಿದರೆ ತನ್ನ ಫೋನನ್ನೂ ಹೊರತೆಗೆದ.

“ನನಗೂ ಬಂದೈತ್ರಿ ಮೇಡಂ. ನಮ್ಮ ಮನಿಯಾಕಿ ಕಳ್ಸ್ಯಾಳ, ನಮ್ಮ ಸಾಲಿ ದೋಸ್ತರ ಗ್ರೂಪಿನ್ಯಾಗೂ ಐತಿ. ಇದಕ್ಕ ತಲಿ ಯಾವುದು, ಬಾಲ ಯಾವುದು ಹೇಳ್ರಿ? ಯಾರನ್ನಂತ ಹಿಡೀಲಿ?”

“ಸುಳ್ಳು ಅಂತ ನೀವು ಹಾಕ್ರಲ್ಲ, ಸರ್.”

“ಹಾಕ್ತೀವಿ. ಮಸ್ಕಿಗೂ ಫೋನ್ ಮಾಡ್ತೀನಿ. ಆದ್ರ ಕುರಿ ಹಿಂದ ತಿರುಗೋ ಮನಷ್ಯಾಗ ಯಾವ ಹೊಲದಾಗ ಅಂತ ಪೊಲೀಸರನ್ನ ನಿಲ್ಲಸೂದು? ಮೊದ್ಲು ಹೋಗಿ ಹುಡುಕ್ರಿ. ಹುಡುಕಿ ವಾಪಸ್ ಕರಕೊಂಡು ಬರ್ರಿ.”

ಹೊರಡುವ ಮುಂಚೆ ಪಂಪಾವತಿಯ ಅಣ್ಣನ ಮನೆಗೆ ಹೋಗಿ, ಕೂಸನ್ನು ಅವಳ ತೊಡೆಯ ಮೇಲೆ ಕೂರಿಸಿ ಒಂದು ವಿಡಿಯೊ ಮಾಡಿದರು. “ಈ ತಾತ ಕಳ್ಳ ಅಲ್ರಿ ಯಪ್ಪಾ. ನನ್ನ ಮಗಳನ್ನ ಉಳಿಸ್ಯಾನ. ಕಾಲುವ್ಯಾಗ ಬೀಳ್ತಿದ್ಲು,” ಎಂದು ಅವಳು ಕೈಮುಗಿದು ಹೇಳಿದಳು. ಸಂಘಮಿತ್ರಾ ತನಗೆ ಗೊತ್ತಿದ್ದ ಎಲ್ಲ ಗ್ರೂಪಿಗೂ ಕಳಿಸಿದಳು. ಒಬ್ಬ ‘ಹೆದರಿಸಿ ಹೇಳಿಸ್ಯಾರ’ ಎಂದು ಬರೆದ. ಇನ್ನೊಬ್ಬನ ಪ್ರಕಾರ ಅದು ಹಳೆಯ ವಿಡಿಯೊ. ಮತ್ತೊಬ್ಬ ಅದರ ಕೆಳಗೇ ಅಡಕೆ ಕತ್ತರಿಸುವ ಯಂತ್ರದ ಜಾಹೀರಾತು ಹಾಕಿದ. ಎರಡು ನಿಮಿಷದ ವಿಡಿಯೊ ನೋಡಲು ಯಾರಿಗೆ ಪುರಸೊತ್ತಿದೆ! ಸ್ವಂತ ತಂಗಿಯೇ, “ಹೌದೇನಕ್ಕ? ಪಾಪ. ಆದ್ರೂ ಹುಷಾರಿರೂದು ಚಲೋ,” ಎಂದಳು. ಸಂಘಮಿತ್ರಾಗೆ ಫೋನನ್ನು ಕಾಲುವೆಗೆ ಎಸೆಯಬೇಕು ಎನ್ನಿಸಿತು.

ಬೈಕಿನಲ್ಲಿ ಸಿಂಧನೂರು ದಾಟಿ ಮಸ್ಕಿ ದಾರಿ ಹಿಡಿದರು. ಕುರಿ ಕಂಡಲ್ಲೆಲ್ಲ ನಿಂತು ಕೇಳಿದರು. ಯಾವುದೂ ಅವನ ಹಿಂಡಲ್ಲ. ಮಸ್ಕಿ ದಾಟಿದ ಮೇಲೆ ರಸ್ತೆ ಬದಿಯ ಒಂದು ಚಾ ಅಂಗಡಿಯಲ್ಲಿ ಬೈಕು ನಿಲ್ಲಿಸಿ, “ಕುರಿ ಹಿಂಡು ಈ ಕಡೆ ಹೋತೇನ್ರಿ? ವಯಸ್ಸಾದ ಗಂಡ ಹೆಂಡ್ತಿ,” ಎಂದು ರಾಜೇಶ ಕೇಳಿದ.

ಅಂಗಡಿಯವನು ಸೋಸುತ್ತಿದ್ದ ಚಾ ಬಿಟ್ಟು ಹತ್ತಿರ ಬಂದ. “ಆ ಕಳ್ಳನ್ನ ಹುಡುಕಾಕತ್ತೀರೇನು? ನಿನ್ನೆ ಇಲ್ಲೇ ಬಂದಿದ್ದ, ತಂಬಾಕ ತಗೊಳ್ಳಾಕ. ಹುಡುಗ್ರು ಫೋನ್ ತಗದು ಮಾರಿ ತಾಳೆ ನೋಡಿದ್ರು. ಅವನ! ನಾಕು ಏಟು ಬಿಟ್ರು. ಆ ಮುದುಕಿ ಬಂದು ಅಡ್ಡ ಬಿದ್ದಳು, ಇಲ್ಲಂದ್ರ ಆಗಿಹೋಗ್ತಿತ್ತು ಅವನ ಕತಿ.”

ಸಂಘಮಿತ್ರಾ ಬೈಕಿನಿಂದ ಇಳಿದಳು. ತನ್ನ ಫೋನು ತೆಗೆದು ಮೊದಲಿನ ಫೋಟೊ, ಅದರ ತಾರೀಖು, ಪಂಪಾವತಿಯ ವಿಡಿಯೊ ಎಲ್ಲ ತೋರಿಸಿದಳು. ಅಂಗಡಿಯವನು ತಾಳ್ಮೆಯಿಂದಲೇ ನೋಡಿದ.

“ಇರಬೌದ್ರಿ ಮೇಡಂ, ನೀವು ಹೇಳೂದು ಖರೇನೂ ಇರಬೌದು. ಆದ್ರ ನಮಗೂ ಮಕ್ಕಳದಾವ. ಅದು ಸುಳ್ಳಾದ್ರ ಇಷ್ಟ ಮಂದಿಗೆ ಹೆಂಗ ಬರ್ತದ?” ಎಂದು ಮತ್ತೆ ಚಾ ಸೋಸಲು ಹೋದ.

ಎರಡು ಮೈಲಿ ಆಚೆ, ರಸ್ತೆಯಿಂದ ಒಳಗೆ, ತೊಗರಿ ಕಟಾವಾದ ಹೊಲದಲ್ಲಿ ಹಿಂಡು ಕಂಡಿತು. ಬೈಕಿನ ಸದ್ದು ಕೇಳುತ್ತಲೇ ಗದ್ದೆಮ್ಮ ಕೋಲು ಹಿಡಿದು ಎದುರು ಬಂದಳು.

“ಯಾರ ಅದು? ಅಲ್ಲೇ ನಿಂದರ್ರಿ! ಮುಂದ ಬಂದ್ರ ನೋಡ್ರಿ ಮತ್ತ!”

“ಯಮ್ಮಾ, ನಾನು, ಗೊರೇಬಾಳದ ಲೈಬ್ರರಿ ಅಕ್ಕೋರು.”

ಗದ್ದೆಮ್ಮ ಕೋಲು ಇಳಿಸಲಿಲ್ಲ. ಬೇವಿನ ಗಿಡದ ಬುಡದಲ್ಲಿ ಒಬ್ಬ ಕೂತಿದ್ದ. ರುಮಾಲನ್ನು ತಲೆಯಿಂದ ಗದ್ದದವರೆಗೆ ಸುತ್ತಿಕೊಂಡಿದ್ದ, ಕಣ್ಣೆರಡೇ ಕಾಣುತ್ತಿದ್ದವು. ತುಸು ದೂರದಲ್ಲಿ ಅವನದೇ ನಾಯಿ ನಿಂತು ಅವನನ್ನೇ ನೋಡಿ ಗುರುಗುಡುತ್ತಿತ್ತು.

“ಅಕ್ಕೋರೇನ್ರಿ!” ಎಂದು ಮೈಲಾರಲಿಂಗಪ್ಪ ಎದ್ದು ನಿಂತ. ರುಮಾಲಿನೊಳಗಿನಿಂದ ಮಾತು ತೊದಲಿತು, ತುಟಿ ಒಡೆದಿತ್ತು. “ಆ ಕೂಸು ಹೆಂಗೈತ್ರಿ? ಆರಾಮೈತೇನ್ರಿ?”

ಸಂಘಮಿತ್ರಾಗೆ ತಡೆಯಲಾಗಲಿಲ್ಲ. ಹೊಲದ ಬದುವಿನ ಮೇಲೆ ಕೂತು ಅತ್ತುಬಿಟ್ಟಳು. “ಮಾಫ್ ಮಾಡ್ರಿ ತಾತಾ. ನನ್ನಿಂದ ಆತು,” ಎಂದಳು.

“ನೀವೇನ್ ಮಾಡೀರಿ? ಫೋಟೊ ತಗದೀರಿ. ಹೊಡದವರು ಬ್ಯಾರೆ ಮಂದಿ.”

“ಬ್ಯಾರೆ ಮಂದಿ ಕೈಯಾಗ ಇವನ ಮಾರಿ ಕೊಟ್ಟವರು ಯಾರು?” ಎಂದಳು ಗದ್ದೆಮ್ಮ. “ನಿನ್ನೆಯಿಂದ ನೀರಿಗೆ ನಾನ ಹೋಗ್ತೀನಿ, ಅಂಗಡಿಗೆ ನಾನ ಹೋಗ್ತೀನಿ. ಮಾರಿ ಮುಚ್ಚಿಕೊಂಡ್ರ ಸಾಕಿದ ನಾಯಿ ಹತ್ತಿರ ಬರವಲ್ದು. ಹಾಕಿದವರು ನೀವ ಅಲ್ಲೇನ್ರಿ? ತಗೀರಿ. ನಮ್ಮ ಮುಂದ ತಗೀರಿ.”

“ವಾಪಸ್ ಬರ್ರಿ ಯಮ್ಮಾ. ಹದಿನೈದು ದಿನ ನಮ್ಮೂರಾಗ ಇರ್ರಿ,” ಎಂದ ರಾಜೇಶ.

“ಅಲ್ಲಿ ಗದ್ದಿಗೆ ನೀರು ಬಿಟ್ಟಾರ್ರಿ ಮಾಸ್ತರ. ಮುನ್ನೂರು ಕುರಿ ಏನ್ ತಿಂತಾವು, ನಿಮ್ಮ ಲೈಬ್ರರಿ ಪುಸ್ತಕ?” ಎಂದು ಮುದುಕ ನಗಲು ಹೋಗಿ ತುಟಿ ನೋವಾಗಿ ನಿಲ್ಲಿಸಿದ. ಆಮೇಲೆ ಸಂಘಮಿತ್ರಾಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮೆಲ್ಲಗೆ ಕೇಳಿದ: “ತಗಿಯಾಕ ಬರ್ತೈತೇನ್ರಿ ಅಕ್ಕೋರ?”

ಅವಳು ಫೋನು ತೆಗೆದಳು. ಗ್ರೂಪಿನಲ್ಲಿ ಆ ಫೋಟೊ ಹುಡುಕಿದಳು. ಮುದುಕ ಮುದುಕಿ ಇಬ್ಬರೂ ಅವಳ ಭುಜದ ಮೇಲಿಂದ ಬಗ್ಗಿ ನೋಡಿದರು. ಕುರಿಯ ವಾಸನೆ, ಹೊಗೆಸೊಪ್ಪಿನ ವಾಸನೆ ಅವಳ ಕೆನ್ನೆಗೆ ಬಡಿಯಿತು. ಒತ್ತಿ ಹಿಡಿದು ಡಿಲೀಟ್ ಎಂದಳು. ಫೋಟೊ ಇದ್ದ ಜಾಗ ಖಾಲಿಯಾಗಿ ಮೇಲಿನ ಮಾತೂ ಕೆಳಗಿನ ಮಾತೂ ಕೂಡಿಕೊಂಡವು.

“ಹೋತೇನ್ರಿ?” ಎಂದ ಮೈಲಾರಲಿಂಗಪ್ಪ.

“ಹೋತು.”

“ಎಲ್ಲಾರ ಫೋನಿನ್ಯಾಗಿಂದ?”

ರಾಜೇಶ ಏನೋ ಹೇಳಲು ಬಾಯಿ ತೆರೆದ. ಸಂಘಮಿತ್ರಾ ಸುಳ್ಳು ಹೇಳಬೇಕೆಂದು ಬಂದವಳಲ್ಲ. ಆದರೆ ಅಷ್ಟು ಹತ್ತಿರದಲ್ಲಿ ಆ ಎರಡು ಕಣ್ಣು ನೋಡುತ್ತಿರುವಾಗ, ಇಲ್ಲ ತಾತಾ, ಅದು ಇನ್ನು ನನ್ನ ಕೈಯಲ್ಲಿಲ್ಲ, ಯಾರ ಕೈಯಲ್ಲೂ ಇಲ್ಲ ಎಂದು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ.

“ಹೋತು ತಾತಾ,” ಎಂದಳು.

“ನೋಡ್ದೇನ್ ಬೇ? ನಾ ಹೇಳಿದ್ದಿಲ್ಲ, ಅಕ್ಕೋರಿಗೆ ಒಂದು ಮಾತು ಮುಟ್ಟಿದ್ರ ಸಾಕು ಅಂತ!” ಎಂದ ಹೆಂಡತಿಗೆ. ಗದ್ದೆಮ್ಮ ಕೋಲನ್ನು ಬಗಲಿಗೆ ಇಟ್ಟು ಸೆರಗಿನಿಂದ ಮುಖ ಒರೆಸಿಕೊಂಡು, “ನಿಮ್ಮ ಹೊಟ್ಟಿ ತಣ್ಣಗಿರ್ಲಿ ಯವ್ವಾ,” ಎಂದಳು. ಆ ಮಾತು ಕೇಳಿ ಸಂಘಮಿತ್ರಾಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಅವನು ರುಮಾಲಿನ ಸುತ್ತು ಬಿಚ್ಚತೊಡಗಿದ. ಎಡಗಣ್ಣಿನ ಕೆಳಗೆ ಕಪ್ಪಾಗಿತ್ತು, ಬಿಳಿ ಮೀಸೆಯ ಒಂದು ಬದಿಗೆ ರಕ್ತ ಒಣಗಿತ್ತು. ಕೊಡದಿಂದ ಬೊಗಸೆ ನೀರು ತೆಗೆದು ಮುಖ ತೊಳೆದುಕೊಂಡ. ನಾಯಿ ಬಂದು ಮೂಸಿ ಬಾಲ ಅಲ್ಲಾಡಿಸಿತು. “ಈಗ ಗುರ್ತು ಹತ್ತಿತೇನಲೇ?” ಎಂದು ಅದರ ತಲೆ ತಟ್ಟಿದ. ಗದ್ದೆಮ್ಮ ಆಗಲೇ ಮರಿಗಳನ್ನು ಕೂಡಿಸಲು ಓಡಿದ್ದಳು.

“ಹೊಂಡ್ತೀವ್ರಿ. ಹೊತ್ತು ಮುಳುಗೂದ್ರಾಗ ಒಂದೀಟು ದಾರಿ ಸವೀತೈತಿ.”

“ತಾತಾ, ರಸ್ತಿ ಮ್ಯಾಲೆ ಹೋಗಬ್ಯಾಡ್ರಿ. ಹೊಲದಾಗಿಂದ ಹಾದು ಹೋಗ್ರಿ.”

“ಹೊಲಕ್ಕ ಬಿಟ್ರ ಹೊಲದವರು ಹೊಡೀತಾರ್ರಿ. ಇನ್ನ ಯಾತರ ಫಿಕರ?”

ಕುರಿಗಳು ಏರಿ ಹತ್ತಿ ಲಿಂಗಸುಗೂರು ರಸ್ತೆಗೆ ಸೇರಿದವು. ರಾಜೇಶ ಮೆಲ್ಲಗೆ, “ಹೇಳು, ಮಿತ್ರಾ,” ಎಂದ. “ನೀವ ಹೇಳ್ರಿ,” ಎಂದಳು. ಇಬ್ಬರೂ ನಿಂತಲ್ಲೇ ನಿಂತರು. ಕೊನೆಗೆ ಅವಳು ನಾಲ್ಕು ಹೆಜ್ಜೆ ಓಡಿ ಕೂಗಿದಳು.

“ತಾತಾ! ಬಿಸಿಲು ಭಾಳ ಐತಿ. ರುಮಾಲ ಸುತ್ತಿಕೊಳ್ರಿ ಮಾರಿಗೆ!”

“ಕುರುಬಗ ಯಾತರ ಬಿಸಿಲ ಯವ್ವಾ!” ಎಂದು ಅವನು ರುಮಾಲನ್ನು ಹೆಗಲಿಗೆ ಎಸೆದುಕೊಂಡ.

ಹಿಂದಿನಿಂದ ಬಂದ ಲಿಂಗಸುಗೂರಿನ ಬಸ್ಸೊಂದು ಕುರಿಗಳ ನಡುವೆ ಸಿಕ್ಕಿ ನಿಂತು ಹಾರ್ನ್ ಹೊಡೆಯಿತು. ಏನಾಯಿತೆಂದು ಜನ ಕಿಟಕಿಗಳಿಂದ ಹೊರಗೆ ಬಗ್ಗಿದರು. ಮೈಲಾರಲಿಂಗಪ್ಪ ದಾರಿ ಬಿಡಿಸುತ್ತ ಬಸ್ಸಿನ ಕಡೆ ತಿರುಗಿ, ಕೈಯೆತ್ತಿ, ಒಡೆದ ತುಟಿಯಲ್ಲೇ ಅವರನ್ನೆಲ್ಲ ನೋಡಿ ನಕ್ಕ.