ಸದ್ದು ದಾಟದ ಗೋಡೆ

ಟಕ್. ಟಕ್. ಟಕ್.

ಕ್ಷಣಕಾಲ ಏನೂ ಇಲ್ಲ. ಮತ್ತೆ ಎರಡು ಸಲ, ಈ ಬಾರಿ ಅಂಗೈಯಿಂದ. ಆಮೇಲೆ ಬಾಗಿಲು ತಟ್ಟುವುದು ನಿಂತುಹೋಯಿತು.

೧೯೯೮ರ ಏಪ್ರಿಲ್ ತಿಂಗಳ ಕೊನೆಯ ಶನಿವಾರ, ರಾತ್ರಿ ಒಂದೂವರೆಯ ಸುಮಾರು. ಶ್ರೀರಾಂಪುರದ ಹೊಸ ಬಡಾವಣೆಯ ಆ ಮನೆಯ ಸುತ್ತ ಬರೀ ಖಾಲಿ ಸೈಟುಗಳು. ಮನೆಯೊಳಗೆ ನಾಲ್ವರಿದ್ದರು. ಬಾಗಿಲನ್ನು ಯಾರೂ ತೆರೆಯಲಿಲ್ಲ.

ಬೆಳಗ್ಗೆ ಐದೂವರೆಗೆ ಚಿಲಕ ತೆಗೆದ ಇಂಜಿನಿಯರ್ ಸಿದ್ದಲಿಂಗಸ್ವಾಮಿಯವರಿಗೆ ಮೊದಲು ಕಂಡದ್ದು ಬುಡಸಹಿತ ಉರುಳಿದ ಹೊಂಗೆ ಮರ. ಅದರಾಚೆ, ಎದುರು ಸೈಟಿನಲ್ಲಿ, ಛಾವಣಿ ಕಳೆದುಕೊಂಡು ನಿಂತ ಶೆಡ್ಡು. ಶೆಡ್ಡಿನ ಮುಂದೆ ಬಿದ್ದಿದ್ದ ತಗಡಿನ ಕೆಳಗಿಂದ ಎರಡು ಕಾಲುಗಳು ಹೊರಚಾಚಿದ್ದವು. ಅವು ಚಿಕ್ಕಮಾದಯ್ಯನ ಕಾಲುಗಳು. ಈ ಮನೆಯ ಗೋಡೆಗಳನ್ನು ಎಬ್ಬಿಸಿದ ಮೇಸ್ತ್ರಿ ಅವನು. ಪಕ್ಕದಲ್ಲಿ ಅವನ ಹೆಂಡತಿ ತಿಮ್ಮಮ್ಮ ಕುಳಿತಿದ್ದಳು. ಅವಳು ಅಳುತ್ತಿರಲಿಲ್ಲ.

ಸಿದ್ದಲಿಂಗಸ್ವಾಮಿ ತಿರುಗಿ ನೋಡಿದರು. ಹೊಸ ಬಾಗಿಲ ಮೇಲೆ, ಎದೆಯೆತ್ತರಕ್ಕೆ, ಕೆಸರು ಮೆತ್ತಿದ ಅಂಗೈಯ ಎರಡು ಗುರುತುಗಳಿದ್ದವು.

“ಮಾದಯ್ಯ ಬಂದು ತಟ್ಟಿದ್ನಾ ತಿಮ್ಮಮ್ಮ?”

“ತಟ್ಟುದ ಬುದ್ಧಿ. ತೆಗೀನಿಲ್ಲ.”

“ನೀನಾದರೂ ಬಂದು ಕೂಗಬಾರದಿತ್ತಾ?”

“ಕೂಗಿ ಏನ್ಮಾಡ್ಲಿ?” ಎಂದಳು.

ಸ್ಟೇಷನ್ನಿನಿಂದ ಬಂದವರು ನಾಲ್ವರನ್ನೂ ಕೇಳಿದರು. ಸಿದ್ದಲಿಂಗಸ್ವಾಮಿ ಮತ್ತು ಅವರ ಪತ್ನಿ ಸರ್ವಮಂಗಳಾ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಏನೂ ಕೇಳಿಸಲಿಲ್ಲ ಎಂದರು. ಮುಂದಿನ ಕೋಣೆಯಲ್ಲಿ ಮಲಗಿದ್ದ ತಾಯಿ ಪುಟ್ಟಬಸಮ್ಮ, ನನಗೂ ಕೇಳಿಸಲಿಲ್ಲ ಎಂದರು. ಅಜ್ಜಿಯ ಮಗ್ಗುಲಲ್ಲಿ ಜ್ವರದಿಂದ ಮಲಗಿದ್ದ ಹತ್ತು ವರ್ಷದ ಮಗಳು ರಕ್ಷಿತಾ ಬರೀ ತಲೆಯಾಡಿಸಿದಳು. ಹೆಡ್‌ಕಾನ್‌ಸ್ಟೇಬಲ್‌ಗೆ ನಂಬಿಕೆ ಬರಲಿಲ್ಲ. ಒಬ್ಬನನ್ನು ಒಳಗೆ ನಿಲ್ಲಿಸಿ, ತಾನು ಹೊರಗೆ ಬಂದು ಲಾಠಿಯಿಂದ ಗೋಡೆಗೆ ಬಲವಾಗಿ ಏಳೆಂಟು ಏಟು ಹಾಕಿದ.

“ಏನಾದ್ರೂ ಕೇಳಿಸ್ತೇನೋ?”

“ಏನ್ ಸಾರ್? ಶುರು ಮಾಡಿದ್ರಾ?” ಎಂದು ಒಳಗಿದ್ದವನು ಕಿಟಕಿ ತೆರೆದು ಕೇಳಿದ.

“ಇದೇನ್ ಸ್ವಾಮಿ, ಮನೆಯೋ ಪೆಟ್ಟಿಗೆಯೋ?” ಎಂದು ಹೆಡ್‌ಕಾನ್‌ಸ್ಟೇಬಲ್ ಲಾಠಿ ಕಂಕುಳಿಗೆ ಸೇರಿಸಿದ. ವಿಚಾರಣೆ ಅಲ್ಲಿಗೆ ಮುಗಿಯಿತು. ನಾಲ್ವರ ಪರವಾಗಿ ಗೋಡೆಯೇ ಸಾಕ್ಷಿ ಹೇಳಿತ್ತು.

ಅದು ಸಾಮಾನ್ಯ ಗೋಡೆಯಲ್ಲ. ಅದರ ಕಥೆ ಶುರುವಾದದ್ದು ಐದು ವರ್ಷ ಹಿಂದೆ, ಮೇಟಗಳ್ಳಿಯ ಬಾಡಿಗೆ ಮನೆಯಲ್ಲಿ. ಸಿದ್ದಲಿಂಗಸ್ವಾಮಿ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಕಟ್ಟಡಗಳ ಉಸ್ತುವಾರಿಯ ಇಂಜಿನಿಯರ್. ಮೇ ತಿಂಗಳ ಒಂದು ಸಂಜೆ ಎದ್ದ ಬಿರುಗಾಳಿ ಆ ಮನೆಯ ಶೀಟುಗಳನ್ನು ಎತ್ತಿಕೊಂಡು ಹೋಯಿತು. ಅವರು ಓಡಿ ಬಂದಾಗ ಐದು ವರ್ಷದ ರಕ್ಷಿತಾ ತೆರೆದ ಆಕಾಶದ ಕೆಳಗೆ, ಆಲಿಕಲ್ಲಿನ ನಡುವೆ, ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು. ಅಂದಿನಿಂದ ಎಲ್ಲಿ ಗಾಳಿ ಬೀಸಿದರೂ ಹುಡುಗಿ ಮಂಚದ ಕೆಳಗೆ ಸೇರುತ್ತಿದ್ದಳು.

“ಅಪ್ಪಾಜಿ, ಗಾಳಿ ಸದ್ದೇ ಕೇಳಿಸದ ಮನೆ ಇರಲ್ವಾ?” ಎಂದು ಒಮ್ಮೆ ಕೇಳಿದಳು.

ಇಲ್ಲವೆಂದು ಹೇಳಲು ಅವರಿಗೆ ಮನಸ್ಸು ಬರಲಿಲ್ಲ. ಹೊರದೇಶದ ಪತ್ರಿಕೆಯೊಂದರಲ್ಲಿ ನೋಡಿದ್ದ ಚಿತ್ರವನ್ನು ಹುಡುಕಿ ತೆಗೆದರು. ಎರಡು ದಪ್ಪ ಥರ್ಮೋಕೋಲ್ ಹಲಗೆಗಳನ್ನು ಆರಿಂಚು ಅಂತರದಲ್ಲಿ ನಿಲ್ಲಿಸಿ, ನಡುವೆ ಕಬ್ಬಿಣ ಕಟ್ಟಿ, ಕಾಂಕ್ರೀಟ್ ಸುರಿಯುವುದು. ಹಲಗೆಗಳನ್ನು ಬಿಚ್ಚುವಂತಿಲ್ಲ, ಅವು ಗೋಡೆಯ ಎರಡೂ ಮೈಗೆ ಕಂಬಳಿಯಂತೆ ಶಾಶ್ವತವಾಗಿ ಉಳಿಯುತ್ತವೆ. ಬಿರುಗಾಳಿಗೆ ಅಲ್ಲಾಡುವುದಿಲ್ಲ, ಬಿಸಿಲು ಒಳಗೆ ಇಳಿಯುವುದಿಲ್ಲ, ಸದ್ದು ದಾಟುವುದಿಲ್ಲ. ಯಂತ್ರಗಳಿಗೆ ಪ್ಯಾಕಿಂಗ್ ತಯಾರಿಸುವ ಮೇಟಗಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಹಲಗೆಗಳನ್ನು ಕೊಯ್ಸಿದರು.

ಅವನ್ನು ನೋಡಿ ಚಿಕ್ಕಮಾದಯ್ಯ ನಕ್ಕಿದ್ದ. “ಏನ್ ಬುದ್ಧೀ, ಮದ್ವೆ ಛತ್ರದಲ್ಲಿ ಗಂಡು ಎಣ್ಣಿನ ಎಸ್ರು ಕೊಯ್ದು ಅಂಟುಸ್ತಾರಲ್ಲ, ಆ ಬೆಂಡು! ಇದ್ರಲ್ಲಿ ಮನೆಯಾ?”

“ಹೌದು ಮಾದಯ್ಯ. ನಿನ್ನ ಹೆಸರನ್ನೂ ಕೊಯ್ಸಿ ಅಂಟಿಸ್ತೀನಿ.”

ಮೊದಲ ದಿನ ಅವಸರದಲ್ಲಿ ಸುರಿದ ಕಾಂಕ್ರೀಟಿನ ಭಾರಕ್ಕೆ ಹಲಗೆ ಹೊಟ್ಟೆಯುಬ್ಬಿ ಒಡೆದು, ಎರಡು ಗಾಡಿ ಮಾಲು ಮಣ್ಣುಪಾಲಾಯಿತು. ಚಿಕ್ಕಮಾದಯ್ಯ ಅದನ್ನು ತನಗೇ ಆದ ಅವಮಾನವೆಂದು ತೆಗೆದುಕೊಂಡ. ಮಾರನೆಯ ದಿನದಿಂದ ಒಂದೂವರೆ ಅಡಿಗಿಂತ ಹೆಚ್ಚು ಸುರಿಯಲು ಯಾರಿಗೂ ಬಿಡಲಿಲ್ಲ. ಸುರಿದದ್ದನ್ನು ಸರಳಿನಿಂದ ತಾನೇ ಕುಟ್ಟುವನು, ಬೆಂಡಿನ ಮೇಲೆ ಕಿವಿಯಿಟ್ಟು ಕೇಳುವನು, ಮತ್ತೆ ಕುಟ್ಟುವನು. ಒಳಗೆಲ್ಲೂ ಪೊಳ್ಳು ಉಳಿಯಲಿಲ್ಲ.

ಗೃಹಪ್ರವೇಶದ ದಿನ ಸಿದ್ದಲಿಂಗಸ್ವಾಮಿ ನೆಂಟರನ್ನೆಲ್ಲ ಒಳಗೆ ಕೂರಿಸಿ, ಕಿಟಕಿ ಬಾಗಿಲು ಮುಚ್ಚಿಸಿ, ಹಿತ್ತಿಲ ಗೋಡೆಗೆ ಸುತ್ತಿಗೆಯಿಂದ ಬಾರಿಸಲು ಮಾದಯ್ಯನಿಗೆ ಹೇಳಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವನು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ.

“ಎಷ್ಟು ಏಟು ಎಣಿಸುದ್ರಿ?”

ಯಾರೂ ಒಂದನ್ನೂ ಎಣಿಸಿರಲಿಲ್ಲ. ರಕ್ಷಿತಾ ಚಪ್ಪಾಳೆ ತಟ್ಟಿದಳು. ಆ ಸಂಭ್ರಮದಲ್ಲೇ ಸಿದ್ದಲಿಂಗಸ್ವಾಮಿ ಮಾತು ಕೊಟ್ಟಿದ್ದರು: “ಕಾಂಪೌಂಡ್ ಮುಗಿಯೋವರೆಗೂ ಶೆಡ್ಡಲ್ಲಿ ಇರ್ತೀಯಲ್ಲ ಮಾದಯ್ಯ, ಗಾಳಿ ಎದ್ದರೆ ಅಲ್ಲಿ ನಿಲ್ಲಬೇಡ. ತಿಮ್ಮಮ್ಮನ್ನ ಕರಕೊಂಡು ಇಲ್ಲಿಗೆ ಬಂದುಬಿಡು. ಎಷ್ಟು ಹೊತ್ತಾದರೂ ಸರಿ, ಬಾಗಿಲು ತಟ್ಟು.”

ಅದಾದ ಹನ್ನೆರಡನೆಯ ರಾತ್ರಿ ಅವನು ಬಂದು ತಟ್ಟಿದ್ದ.

ಸದ್ದು ದಾಟದ ಗೋಡೆ ಕಟ್ಟಿಸಿದವನು ನಾನು, ಆದ್ದರಿಂದ ಕೊಂದವನೂ ನಾನೇ. ಸಿದ್ದಲಿಂಗಸ್ವಾಮಿ ಈ ತೀರ್ಮಾನಕ್ಕೆ ಬಂದು, ಅದರಿಂದ ಕದಲಲಿಲ್ಲ. ಮರುದಿನವೇ ಕಾಲಿಂಗ್ ಬೆಲ್ ಹಾಕಿಸಿದರು. ಅಲ್ಲಿಂದ ಮುಂದೆ ಆ ಮನೆಯ ಬಾಗಿಲನ್ನು ಯಾರೂ ತಟ್ಟಲಿಲ್ಲ. ಪ್ರತಿಯೊಂದನ್ನೂ ಪರೀಕ್ಷಿಸಿ ನೋಡುವ ಇಂಜಿನಿಯರ್, ಬಾಗಿಲ ಸದ್ದನ್ನು ಮಾತ್ರ ಪರೀಕ್ಷಿಸುವ ಗೋಜಿಗೆ ಹೋಗಲಿಲ್ಲ. ಗೋಡೆಯ ನಕ್ಷೆಗಳು ಸುರುಳಿಯಾಗಿ ಅಟ್ಟ ಸೇರಿದವು. ತಿಮ್ಮಮ್ಮ ಇಲವಾಲದ ತಮ್ಮನ ಮನೆಗೆ ಹೋದಳು. ನಾಲ್ಕು ವರ್ಷದ ನಂತರ ಪುಟ್ಟಬಸಮ್ಮ ತೀರಿಕೊಂಡರು. ರಕ್ಷಿತಾ ಕಾಲೇಜು ಸೇರಿದಳು. ಗಾಳಿಗೆ ಹೆದರುವುದನ್ನು ಬಿಟ್ಟಿದ್ದಳು, ಜೊತೆಗೆ ನಗುವುದನ್ನೂ.

೨೦೦೬ರ ಮಾರ್ಚ್‌ನಲ್ಲಿ ಒಂದು ಪತ್ರ ಬಂತು. ಸುನಾಮಿಯಲ್ಲಿ ಮನೆ ಕಳೆದುಕೊಂಡವರಿಗೆ ಪೂರ್ವ ಕರಾವಳಿಯಲ್ಲಿ ಚಂಡಮಾರುತ ತಡೆಯುವ ಇನ್ನೂರು ಮನೆ ಕಟ್ಟಿಸಲು ಹೊರಟಿದ್ದ ಸಂಸ್ಥೆಯೊಂದು ಅವರ ನಕ್ಷೆಗಳನ್ನು ಕೇಳಿತ್ತು. ಸಿದ್ದಲಿಂಗಸ್ವಾಮಿ ಅಟ್ಟದಿಂದ ಸುರುಳಿಗಳನ್ನು ಇಳಿಸಿದರು. ಕಳಿಸುವುದಕ್ಕಲ್ಲ, ಭಾನುವಾರ ಸುಟ್ಟುಹಾಕುವುದಕ್ಕೆ.

“ಇನ್ನೂರು ಮನೆ ರೀ,” ಎಂದರು ಸರ್ವಮಂಗಳಾ. “ಆ ಮಕ್ಕಳು ಏನು ಪಾಪ ಮಾಡಿದ್ದಾವೆ?”

“ಇನ್ನೂರು ಬಾಗಿಲು, ಸರ್ವಮಂಗಳಾ. ಹೊರಗೆ ನಿಂತವರ ಕೂಗು ಕೇಳದ ಇನ್ನೂರು ಮನೆ. ಬೇಡ.”

ಸರ್ವಮಂಗಳಾ ಮರುದಿನ ಹುಣಸೂರು ಬಸ್ಸು ಹತ್ತಿ ಇಲವಾಲಕ್ಕೆ ಹೋಗಿಬಂದರು. ತಿಮ್ಮಮ್ಮನ ಮಾತನ್ನಾದರೂ ಗಂಡ ಕೇಳಿಯಾರು ಎಂಬ ಆಸೆ ಅವರದು.

ಭಾನುವಾರ ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಬೀದಿಯಲ್ಲಿ ಧೂಳೆಬ್ಬಿಸುವ ಗಾಳಿ. ಸಿದ್ದಲಿಂಗಸ್ವಾಮಿ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ನಕ್ಷೆಗಳನ್ನು ಕೊನೆಯ ಸಲ ನೋಡುತ್ತಿದ್ದರು. ಗೋಡೆಯಾಚೆ ತೆಂಗಿನ ಮರಗಳು ಬಾಗುತ್ತಿರುವುದು ಜೋಡಿ ಗಾಜಿನ ಕಿಟಕಿಯಲ್ಲಿ ಕಾಣುತ್ತಿತ್ತು, ಕೇಳುತ್ತಿರಲಿಲ್ಲ.

ಟಕ್. ಟಕ್. ಟಕ್.

ಅವರು ನಕ್ಷೆ ಬಿಟ್ಟು ಎದ್ದರು. ಯಾರೋ ಮುಂಬಾಗಿಲು ತಟ್ಟುತ್ತಿದ್ದರು. ಎರಡು ಬಾಗಿಲುಗಳ ಆಚೆಯಿಂದ, ಪಕ್ಕದಲ್ಲೇ ತಟ್ಟಿದಷ್ಟು ಸ್ಪಷ್ಟವಾಗಿ ಆ ಸದ್ದು ಬರುತ್ತಿತ್ತು. ಗಾಳಿಯನ್ನು ಗೋಡೆ ಪೂರ್ತಿ ತಡೆದಿತ್ತು. ಆದರೆ ಬಾಗಿಲು ಬರೀ ಮರದ್ದು. ಅದರ ಮೇಲೆ ಬಿದ್ದ ಏಟು, ಅದಕ್ಕೆ ಬಾಯಿಟ್ಟು ಆಡಿದ ಮಾತು ನೇರ ಒಳಗೆ ಬರುವಂತಿತ್ತು. ಬೇರೆ ಯಾವ ಸದ್ದೂ ಇಲ್ಲದ ಮನೆಯಲ್ಲಿ ಆ ಒಂದು ಸದ್ದು ಎಲ್ಲೂ ಅಡಗುವಂತಿರಲಿಲ್ಲ. ಗಾಢ ನಿದ್ದೆಯಲ್ಲಿದ್ದವರಿಗೆ ತಪ್ಪಿರಬಹುದು. ಎಚ್ಚರವಿದ್ದ ಯಾರಿಗೂ ತಪ್ಪಲು ಸಾಧ್ಯವಿರಲಿಲ್ಲ.

ಬಾಗಿಲು ತೆರೆದಾಗ ತಿಮ್ಮಮ್ಮ ನಿಂತಿದ್ದಳು. “ಬೆಲ್ ಒತ್ತುದೆ ಬುದ್ಧಿ, ಒಡ್ಕಳನಿಲ್ಲ. ಅದ್ಕೇ ತಟ್ಬುಟ್ಟೆ.”

“ತಿಮ್ಮಮ್ಮ,” ಎಂದರು ಅವರು. “ಅಂದು ಮಾದಯ್ಯ ತಟ್ಟಿದ್ದು ಯಾರಿಗೋ ಕೇಳಿಸಿತ್ತು.”

ತಿಮ್ಮಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಅದ್ನೇ ಯೋಳಾಕೆ ಬಂದೆ. ಗೋಡೆದೇನೂ ತೆಪ್ಪಿಲ್ಲ. ನನ್ ಗಂಡ ಕುಟ್ಟಿ ಕುಟ್ಟಿ ಕಟ್ಟಿದ ಗೋಡೆ ಅದು. ಸುಡ್ಬ್ಯಾಡಿ.”

“ಏನಾಯ್ತು ಅಂದು? ಪೂರ್ತಿ ಹೇಳು.”

“ಅವ್ನು ಮೂರು ಸಲ ತಟ್ಟುದ್ನಂತೆ. ಒಳಗಿಂದ ‘ಯಾರು’ ಅಂದ್ರಂತೆ. ‘ನಾನು ಕಣ್ರವ್ವ, ಮಾದಯ್ಯ’ ಅಂದು ಇನ್ನೆರಡು ಸಲ ತಟ್ಟುದ್ನಂತೆ. ಅದ್ಕೆ ಒಳಗಿಂದ...” ಅವಳು ತಡೆದಳು. “‘ನಾಳೆ ಬಾ’ ಅಂದ್ರಂತೆ.”

“ಆಮೇಲೆ?” ಎಂದರು ಸಿದ್ದಲಿಂಗಸ್ವಾಮಿ.

“ನಗಾಡ್ತಲೇ ಬಂದ ಬುದ್ಧಿ. ‘ನನ್ನೂ ದೆವ್ವ ಅಂದ್ಕಬುಟ್ರು ಕಣಮ್ಮಿ. ಎದ್ರುಸೋದು ಬ್ಯಾಡ, ಬೆಳಗಾಗ್ಲಿ’ ಅಂದ. ಆರೋಗೋ ತಗಡಿನ ಮ್ಯಾಲೆ ಕಲ್ಲು ಏರಾಕೆ ಓದ. ಅಷ್ಟೇಯ.”

ಆ ಬೇಸಿಗೆ ಅವರ ಕಣ್ಣ ಮುಂದೆ ಬಂತು. ರಾತ್ರಿ ಹೊತ್ತು ದೆವ್ವವೊಂದು ಪರಿಚಯದವರ ದನಿಯಲ್ಲಿ ಕೂಗಿ ಬಾಗಿಲು ತಟ್ಟುತ್ತದೆ, ತೆರೆದವರು ಸಾಯುತ್ತಾರೆ ಎಂಬ ಗುಲ್ಲು ಊರಿಗೆಲ್ಲ ಹಬ್ಬಿತ್ತು. ‘ನಾಳೆ ಬಾ’ ಎಂದು ಬಾಗಿಲ ಮೇಲೆ ಬರೆದರೆ ದೆವ್ವ ಓದಿಕೊಂಡು ಹಿಂದಿರುಗುತ್ತದಂತೆ. ಆ ಶನಿವಾರ ಸಂಜೆ ತಾಯಿ ಹೊಸ ಬಾಗಿಲಿಗೂ ಸೀಮೆಸುಣ್ಣದಲ್ಲಿ ಬರೆದಿದ್ದರು.

“ಏನವ್ವಾ ಇದು? ದೆವ್ವ ಯಾವ ಸ್ಕೂಲಲ್ಲಿ ಓದು ಕಲಿತು?” ಎಂದು ಅವರು ಒದ್ದೆ ಬಟ್ಟೆಯಿಂದ ಒರೆಸಿ ಹಾಕಿದ್ದರು.

“ನೀನು ಅಷ್ಟು ಓದಿ ಏನು ಕಡಿದು ಕಟ್ಟೆ ಹಾಕಿದೆಯೋ? ಊರೆಲ್ಲ ಬರೆದವ್ರೆ.”

“ಅಳಿಸಿದ್ರೆ ಬಂದುಬಿಡುತ್ತಲ್ಲ ಅಜ್ಜಿ?” ಎಂದು ರಕ್ಷಿತಾ ಕೇಳಿದ್ದಳು.

“ಬಂದ್ರೆ ಬಾಯಲ್ಲೇ ಹೇಳಿದರಾಯ್ತು ಬಿಡು,” ಎಂದಿದ್ದರು ಪುಟ್ಟಬಸಮ್ಮ.

“ಅವ್ವ,” ಎಂದರು ಸಿದ್ದಲಿಂಗಸ್ವಾಮಿ ಈಗ. “ಹೇಳಿದ್ದು ನಮ್ಮವ್ವ ತಾನೇ?”

“ನಂಗೆ ದನಿ ಯಾರ್ದು ಅಂತ ಗೊತ್ತು, ಅವ್ನೇ ಯೋಳಿದ್ದ. ಎಸ್ರು ಯೋಳಾಕಿಲ್ಲ ಬುದ್ಧಿ. ಯೋಳುದ್ರೆ ಅವ್ನೇನು ಎದ್ದು ಬಂದಾನಾ? ಅವತ್ತೂ ಅದ್ಕೇ ಬಾಯಿ ಬುಡ್ನಿಲ್ಲ.”

ಅವರು ಹಜಾರಕ್ಕೆ ನಡೆದರು. ಗೋಡೆಯ ಮೇಲೆ ತಾಯಿಯ ಫೋಟೊ. ಗಾಜಿಗೆ ಅವರೇ ಬೆಳಗ್ಗೆ ಹಚ್ಚಿದ ವಿಭೂತಿ, ಮುಂದೆ ಅವರೇ ಹಚ್ಚಿಟ್ಟ ದೀಪ. ಎಂಟು ವರ್ಷ ಗೋಡೆಯನ್ನು ದೂರಿದೆ, ನನ್ನನ್ನು ದೂರಿಕೊಂಡೆ, ಗೊತ್ತಿದ್ದೂ ನೋಡುತ್ತ ಕುಳಿತಿದ್ದೆಯಲ್ಲ ಅವ್ವಾ! ಎರಡು ಬೆರಳಿನಿಂದ ಬತ್ತಿಯನ್ನು ಹೊಸಕಿ ದೀಪವನ್ನು ಆರಿಸಿದರು. ಫೋಟೊ ಇಳಿಸಲು ಕೈಯೆತ್ತಿದರು.

“ತೆಗೀಬೇಡಿ ಅಪ್ಪಾಜಿ.”

ರಕ್ಷಿತಾ ಯಾವಾಗ ಬಂದು ನಿಂತಿದ್ದಳೋ. ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದಳು. ಎರಡು ಕಡ್ಡಿ ಆರಿದವು. ಮೂರನೆಯದರಲ್ಲಿ ದೀಪ ಹತ್ತಿತು.

“ಬ್ಯಾಡ ಕಣವ್ವ, ಬುಡು,” ಎಂದಳು ತಿಮ್ಮಮ್ಮ ಬಾಗಿಲಿನಿಂದಲೇ.

“ಅಜ್ಜಿಗೆ ಅವತ್ತು ಎಚ್ಚರವೇ ಆಗಲಿಲ್ಲ ಅಪ್ಪಾಜಿ. ಗೋಡೆ ಕಡೆ ತಿರುಗಿ ಗೊರಕೆ ಹೊಡೀತಾ ಇದ್ದರು. ಹೊರಗೆ ಅಷ್ಟು ದೊಡ್ಡ ಗಾಳಿ ಎದ್ದಿದೆ ಅಂತ ಒಳಗಿದ್ದವರಿಗೆ ಗೊತ್ತೇ ಆಗಲಿಲ್ಲ. ನೀವು ಹಾಗೆ ಕಟ್ಟಿಸಿದ್ದಿರಿ. ಗಾಳಿ ಇಲ್ಲದ ರಾತ್ರೀಲಿ ಮಾದಯ್ಯ ಯಾಕೆ ಬರ್ತಾನೆ? ಮಾದಯ್ಯನ ದನಿಯಲ್ಲಿ ಬೇರೆ ಯಾರೋ ಬಂದಿದ್ದಾರೆ ಅನ್ನಿಸಿತು.”

ಸಿದ್ದಲಿಂಗಸ್ವಾಮಿ ತಿರುಗಲಿಲ್ಲ. ಗೋಡೆಯದು ತಪ್ಪಿಲ್ಲವೆಂದು ಯಾರಾದರೂ ಹೇಳಲಿ ಎಂದು ಎಂಟು ವರ್ಷ ಕಾದಿದ್ದವರು, ಈಗ ಗೋಡೆಯದೇ ತಪ್ಪಾಗಿರಲಿ ಎಂದು ಬೇಡಿಕೊಳ್ಳುತ್ತಿದ್ದರು. ಯಾವ ಮಗುವಿಗಾಗಿ ಆ ಗಾಳಿಯನ್ನು ಹೊರಗಿಟ್ಟಿದ್ದರೋ ಆ ಮಗುವಿನ ಉಸಿರು ಬೆನ್ನ ಹಿಂದೆ ಕೇಳುತ್ತಿತ್ತು. ತಿಳಿದಿದ್ದೂ ಕೇಳಿದರು. ಬೇರೆ ಯಾವುದಾದರೂ ಹೆಸರು ಬಂದೀತೇನೋ ಎಂದು ಕೇಳಿದರು.

“ಅಂದು ಒಳಗಿಂದ ಹೇಳಿದ್ದು ಯಾರು?”

“ರಕ್ಷಿತಾ,” ಎಂದಳು ಮಗಳು.